ಹಾರ್ಡ್‌ವೇರ್ ಸ್ಟಾರ್ಟ್‌ಅಪ್ ವಾರಾಂತ್ಯದಲ್ಲಿ ಮೇಕರ್‌ಗಳ ನೆರವು: ಸ್ಪರ್ಧಿಯೊಬ್ಬರ ವಿಮರ್ಶೆ

ಶುಕ್ರವಾರ ಸಂಜೆ ಒಂದು ನಿಮಿಷದಲ್ಲಿ ಹೇಳಿ ಮುಗಿಸಿದ ಕಲ್ಪನೆಯನ್ನು ಭಾನುವಾರ ಸಂಜೆಯ ಹೊತ್ತಿಗೆ ವ್ಯಾಪಾರದ ರೂಪಕ್ಕೆ ತಂದು ತೀರ್ಪುಗಾರರ ಮುಂದೆ ನಿಲ್ಲಿಸುವ ಸ್ಪರ್ಧೆಗಳು ಸಾಫ್ಟ್‌ವೇರ್ ಮಂದಿಗೆ ಹೊಸತಲ್ಲ. 2007ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್‌ನಲ್ಲಿ ಆರಂಭವಾದ ಸ್ಟಾರ್ಟ್‌ಅಪ್ ವೀಕೆಂಡ್ ಎಂಬ ಕಾರ್ಯಕ್ರಮವು 54 ಗಂಟೆಗಳ ಈ ಚೌಕಟ್ಟನ್ನು ಹಲವು ದೇಶಗಳಿಗೆ ಪರಿಚಯಿಸಿತು. ಅದೇ ಚೌಕಟ್ಟಿನೊಳಗೆ ಆ್ಯಪ್‌ನ ಬದಲು ಕೈಯಲ್ಲಿ ಹಿಡಿಯಬಹುದಾದ ವಸ್ತುವೊಂದನ್ನು ಮಾಡಿ ತೋರಿಸಬೇಕೆಂಬ ನಿಯಮ ಬಂದಾಗ ಲೆಕ್ಕಾಚಾರವೇ ಬದಲಾಗುತ್ತದೆ. ತಪ್ಪಿದ ಕೋಡನ್ನು ಅಳಿಸಿ ಬರೆಯಲು ಕ್ಷಣ ಸಾಕು, ತಪ್ಪಿ ಕೊರೆದ ತೂತನ್ನು ಅಳಿಸಲು ಬರುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ಆಯೋಜಕರು ವಸ್ತುಗಳನ್ನು ತಯಾರಿಸುವುದರಲ್ಲಿ ಪಳಗಿದ ಮೇಕರ್‌ಗಳನ್ನು ನೆರವಿಗೆ ಕರೆಸುತ್ತಾರೆ. ನಾನು ಸ್ಪರ್ಧಿಯಾಗಿ ಪಾಲ್ಗೊಂಡ ಇಂಥದೊಂದು ವಾರಾಂತ್ಯದಲ್ಲಿ ತಂಡಗಳಿಗೆ ದೊರೆತ ಆ ನೆರವನ್ನಷ್ಟೇ ಈ ಬರಹದಲ್ಲಿ ಪರಿಶೀಲಿಸುತ್ತೇನೆ. ಬಹುಮಾನ, ವೇದಿಕೆ, ಭಾಷಣಗಳ ಗೋಜಿಗೆ ಹೋಗುವುದಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಓದುಗರಿಗೆ ಅನುಕೂಲ. ಸೇವೆಯಾಗಿ ನೋಡಿದರೆ ಮೇಕರ್‌ಗಳ ನೆರವು ಆ ಸ್ಪರ್ಧೆಯಲ್ಲಿ ಸಿಕ್ಕ ಎಲ್ಲಕ್ಕಿಂತ ಉತ್ತಮವಾಗಿತ್ತು, ಮತ್ತು ಆ ಉತ್ತಮಿಕೆಯ ಬಹುಪಾಲು ಅವರು ಮಾಡಿಕೊಟ್ಟದ್ದರಲ್ಲಿ ಇರದೆ ಮಾಡಬೇಡಿ ಎಂದು ತಡೆದದ್ದರಲ್ಲಿ ಇತ್ತು. ಆದರೆ ಈ ನೆರವನ್ನು ಆಯೋಜಕರು ಬಳಸಿಕೊಂಡ ರೀತಿಯಲ್ಲಿ ಗಂಭೀರ ಲೋಪಗಳಿದ್ದವು. ಒಳ್ಳೆಯ ಕೈಗಳನ್ನು ಕರೆತಂದು ಅವುಗಳಿಗೆ ಸರಿಯಾದ ಹೊತ್ತಿನಲ್ಲಿ ಕೆಲಸ ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಹಲವು ತಂಡಗಳು ಅಲ್ಲಿ ಅನುಭವಿಸಿದವು.

ಕಾರ್ಯಾಗಾರದಲ್ಲಿ ಇದ್ದ ಸಲಕರಣೆಗಳು ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ ಇರುವಂಥವೇ: ಲೇಸರ್ ಕಟರ್, ಸಾಲಾಗಿ ಇಟ್ಟ ತ್ರೀಡಿ ಪ್ರಿಂಟರ್‌ಗಳು, ಬೆಸುಗೆ ಹಾಕುವ ಮೇಜು, ಡ್ರಿಲ್ಲು, ಗರಗಸ, ಅರ, ಮತ್ತು ರೆಸಿಸ್ಟರು, ಸೆನ್ಸರು, ತಿರುಪುಗಳನ್ನು ತುಂಬಿಟ್ಟ ಸಣ್ಣ ಸಣ್ಣ ಪೆಟ್ಟಿಗೆಗಳು. ಇಪ್ಪತ್ತೈದು ವರ್ಷದ ಹಿಂದೆ ಇಂಥ ಸ್ಪರ್ಧೆಯನ್ನು ಯಾರೂ ಯೋಚಿಸಲು ಸಾಧ್ಯವಿರಲಿಲ್ಲ. ಇಟಲಿಯ ಇವ್ರೇಯಾದಲ್ಲಿ 2005ರಲ್ಲಿ ರೂಪುಗೊಂಡ ಆರ್ಡುಯಿನೊ ಬೋರ್ಡು ಎಲೆಕ್ಟ್ರಾನಿಕ್ಸ್ ಓದದವರಿಗೂ ಮೈಕ್ರೊಕಂಟ್ರೋಲರನ್ನು, ಅಂದರೆ ಸಾಧನಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ಪನ್ನು, ಕೈಗೆಟುಕುವಂತೆ ಮಾಡಿತು. ಅದೇ ವರ್ಷ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ ಆರಂಭಿಸಿದ, ತನ್ನದೇ ಬಿಡಿಭಾಗಗಳನ್ನು ಪ್ರಿಂಟ್ ಮಾಡಬಲ್ಲ ತ್ರೀಡಿ ಪ್ರಿಂಟರಿನ ರೆಪ್‌ರ‍್ಯಾಪ್ ಯೋಜನೆ, ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಪದರವಾಗಿ ಸುರಿಯುವ ವಿಧಾನದ ಮೇಲೆ ಸ್ಕಾಟ್ ಕ್ರಂಪ್ ಪಡೆದಿದ್ದ ಪೇಟೆಂಟು 2009ರಲ್ಲಿ ಮುಗಿದದ್ದು, ಇವೆರಡೂ ಸೇರಿ ತ್ರೀಡಿ ಪ್ರಿಂಟರನ್ನು ಕಾರ್ಖಾನೆಯಿಂದ ಮೇಜಿನ ಮೇಲಕ್ಕೆ ಇಳಿಸಿದವು. ಯಂತ್ರಗಳು ಅಗ್ಗವಾದವು ಎಂಬುದು ನಿಜ. ಅವುಗಳಿಂದ ಕೆಲಸ ತೆಗೆಯುವ ಅನುಭವ ಮಾತ್ರ ಅಗ್ಗವಾಗಿಲ್ಲ, ಮೇಕರ್‌ಗಳನ್ನು ಕರೆಸುವ ಅಗತ್ಯ ಹುಟ್ಟುವುದೂ ಅಲ್ಲಿಯೇ.

ನಮ್ಮ ತಂಡದ ಕಲ್ಪನೆ ಒಂದು ಮಾತ್ರೆ ಡಬ್ಬಿ. ವಾರದ ಏಳು ದಿನಕ್ಕೆ ಏಳು ಗೂಡುಗಳು. ಆ ದಿನದ ಮಾತ್ರೆಯನ್ನು ಹಿರಿಯರು ತೆಗೆದುಕೊಳ್ಳದಿದ್ದರೆ ಮಕ್ಕಳ ಮೊಬೈಲಿಗೆ ಸೂಚನೆ ಹೋಗಬೇಕು. ಪ್ರತಿ ಗೂಡಿನ ಕೆಳಗೂ ತೂಕ ಅಳೆಯುವ ಲೋಡ್ ಸೆಲ್ ಇಟ್ಟು, ತೂಕ ಇಳಿದರೆ ಮಾತ್ರೆ ತೆಗೆದರೆಂದು ತಿಳಿಯುವುದು ನಮ್ಮ ಯೋಜನೆಯಾಗಿತ್ತು. ಶನಿವಾರ ಬೆಳಿಗ್ಗೆ ಎಲೆಕ್ಟ್ರಾನಿಕ್ಸ್ ಮೇಜಿನ ಹೊಣೆ ಹೊತ್ತಿದ್ದ ಮೇಕರ್ ನಮ್ಮ ಚಿತ್ರವನ್ನು ನೋಡಿ ಮೊದಲು ಕೇಳಿದ್ದು ಸರ್ಕ್ಯೂಟಿನ ಬಗ್ಗೆ ಅಲ್ಲ. "ಒಂದು ಮಾತ್ರೆ ಎಷ್ಟು ತೂಗುತ್ತದೆ, ನೋಡಿದ್ದೀರಾ?" ಎಂದರು. ನಾವು ಯಾರೂ ನೋಡಿರಲಿಲ್ಲ. ಅರ್ಧ ಗ್ರಾಂ ಆಸುಪಾಸು, ಎಷ್ಟೋ ಮಾತ್ರೆಗಳು ಅದಕ್ಕೂ ಕಡಿಮೆ ಎಂದು ಅವರೇ ಹೇಳಿ, ಒಂದು ಕಿಲೋ ಹೊರುವ ಸಾಮಾನ್ಯ ಲೋಡ್ ಸೆಲ್ ಒಂದನ್ನು ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡಿಗೆ ಜೋಡಿಸಿ, ಬರುವ ಅಂಕಿಗಳನ್ನು ಪರದೆಯ ಮೇಲೆ ಓಡಲು ಬಿಟ್ಟರು. ಅದಕ್ಕೆ ಜೋಡಿಸುವ ಎಚ್‌ಎಕ್ಸ್711 ಎಂಬ, ತೂಕದ ಸಂಕೇತವನ್ನು ಅಂಕಿಗಳಾಗಿಸುವ ಚಿಪ್ಪಿನ ವಿವರಣೆಯಲ್ಲಿ 24 ಬಿಟ್, ಅಂದರೆ ಬಹು ಸೂಕ್ಷ್ಮ ಅಳತೆ, ಎಂದು ಬರೆದಿರುವುದೇನೋ ಹೌದು, ಆದರೆ ಕೊನೆಯ ಕೆಲವು ಬಿಟ್‌ಗಳು ಬರೀ ಗದ್ದಲ. ಮೇಜಿನ ಮೇಲೆ ಏನೂ ಇಡದಿದ್ದರೂ ಅಂಕಿಗಳು ಮೇಲೆ ಕೆಳಗೆ ತೂಗಾಡಿದವು; ಯಾರೋ ಮೇಜಿಗೆ ಒರಗಿದರೆ ಜಿಗಿದವು; ಸ್ವಲ್ಪ ಹೊತ್ತು ಬಿಟ್ಟರೆ ಶೂನ್ಯವೇ ತನ್ನ ಜಾಗದಿಂದ ಸರಿದಿತ್ತು. ಅರ್ಧ ಗ್ರಾಂ ಮಾತ್ರೆಯನ್ನು ಇಂಥ ಅಳತೆಯ ಮೇಲೆ ದಿನಗಟ್ಟಲೆ ನಂಬಲಾಗದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅನಂತರ ಅವರು ಕೇಳಿದ ಪ್ರಶ್ನೆಯೇ ಇಡೀ ವಾರಾಂತ್ಯದಲ್ಲಿ ನಮಗೆ ಸಿಕ್ಕ ಅತಿ ದೊಡ್ಡ ನೆರವು ಎಂದು ನಾನು ಭಾವಿಸುತ್ತೇನೆ: "ನಿಮಗೆ ತಿಳಿಯಬೇಕಾದದ್ದು ಮಾತ್ರೆ ಹೊಟ್ಟೆಗೆ ಹೋಯಿತೆಂದೇ, ಗೂಡಿನಿಂದ ಹೊರಬಂತೆಂದೇ, ಅಥವಾ ಈ ದಿನ ಯಾರಾದರೂ ಡಬ್ಬಿ ಮುಟ್ಟಿದರೆಂದೇ?" ಮೊದಲನೆಯದನ್ನು ಯಾವ ಡಬ್ಬಿಯೂ ಹೇಳಲಾರದು. ಮೂರನೆಯದು ಮಕ್ಕಳ ಆತಂಕಕ್ಕೆ ಸಾಕಾಗುತ್ತದೆ ಎಂದು ನಾವು ಚರ್ಚಿಸಿ ಒಪ್ಪಿದೆವು. ಆಗ ಲೋಡ್ ಸೆಲ್‌ಗಳೂ ಅವುಗಳ ಏಳು ಚಿಪ್ಪುಗಳೂ ಒಟ್ಟಿಗೇ ಮೂಲೆ ಸೇರಿದವು. ಅವುಗಳ ಜಾಗಕ್ಕೆ ಪ್ರತಿ ಮುಚ್ಚಳದಲ್ಲಿ ಒಂದು ಪುಟ್ಟ ಅಯಸ್ಕಾಂತ, ಅದರ ಕೆಳಗೆ ಒಂದು ರೀಡ್ ಸ್ವಿಚ್ ಬಂದವು. ಗಾಜಿನ ಸಣ್ಣ ನಳಿಗೆಯೊಳಗೆ ಕಬ್ಬಿಣಾಂಶದ ಎರಡು ತೆಳು ಎಲೆಗಳು, ಅಯಸ್ಕಾಂತ ಹತ್ತಿರ ಬಂದಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ದೂರ ಹೋದಾಗ ಬಿಡುತ್ತವೆ. ಅಷ್ಟೇ ಅದರ ಕತೆ. ಅದರ ತಂತಿಯನ್ನು ಗಾಜಿನ ಬುಡದಲ್ಲೇ ಬಗ್ಗಿಸಿದರೆ ನಳಿಗೆ ಸೀಳಿಹೋಗುತ್ತದೆಂದು ಎಚ್ಚರಿಸಿ, ಸಣ್ಣ ಇಕ್ಕಳದಿಂದ ಗಾಜಿನ ಪಕ್ಕದಲ್ಲಿ ತಂತಿಯನ್ನು ಗಟ್ಟಿಯಾಗಿ ಹಿಡಿದು ಅದರ ಆಚೆಗೆ ಬಗ್ಗಿಸುವುದನ್ನು ಒಮ್ಮೆ ಮಾಡಿ ತೋರಿಸಿ ಇಕ್ಕಳವನ್ನು ನಮ್ಮ ಕೈಗೆ ಕೊಟ್ಟರು. ಉಳಿದ ಆರನ್ನು ನಾವೇ ಬಗ್ಗಿಸಿದೆವು.

ಇನ್ನೊಂದು ಮಾತನ್ನೂ ಅವರು ಸೇರಿಸಿದರು: ವೇದಿಕೆಯ ಮೇಲೆ "ಮಾತ್ರೆ ನುಂಗಿದ್ದನ್ನು ಪತ್ತೆ ಹಚ್ಚುತ್ತದೆ" ಎನ್ನಬೇಡಿ, "ಮುಚ್ಚಳ ತೆರೆದದ್ದನ್ನು ದಾಖಲಿಸುತ್ತದೆ" ಎನ್ನಿ. ವೈದ್ಯಕೀಯ ವಿಷಯದಲ್ಲಿ ಈ ಎರಡು ವಾಕ್ಯಗಳ ನಡುವಿನ ಅಂತರ ಸಣ್ಣದಲ್ಲ, ಮತ್ತು ಅದನ್ನು ನಮಗೆ ಹೇಳಿದವರು ವ್ಯಾಪಾರದ ಮಾರ್ಗದರ್ಶಕರಲ್ಲ, ಬೆಸುಗೆ ಮೇಜಿನ ಹಿಂದೆ ಕುಳಿತವರು ಎಂಬುದನ್ನು ಆಯೋಜಕರು ಗಮನಿಸಬೇಕು.

ಲೇಸರ್ ಕಟರ್ ಬಳಿ ಇದ್ದ ಹಿರಿಯ ಮೇಕರ್ ಬೇರೆಯೇ ಸ್ವಭಾವದವರು. ಮಾತು ಕಡಿಮೆ, ಅಳತೆ ಹೆಚ್ಚು. ಫೈಲು ಹಿಡಿದು ಹೋದವರಿಗೆಲ್ಲ ಮೊದಲು ಕ್ಯಾಲಿಪರ್ ಕೈಗಿಟ್ಟು ತಾವು ತಂದ ಪ್ಲೈವುಡ್ಡಿನ ದಪ್ಪವನ್ನು ನಾಲ್ಕು ಮೂಲೆಗಳಲ್ಲಿ ಅಳೆಯಲು ಹೇಳುತ್ತಿದ್ದರು. 3 ಮಿ.ಮೀ. ಎಂದು ಕೊಂಡ ಹಾಳೆ ಒಂದು ಮೂಲೆಯಲ್ಲಿ 2.8 ಇದ್ದರೆ ಇನ್ನೊಂದರಲ್ಲಿ 2.9 ಇರುವುದು ಸಾಮಾನ್ಯ. ಇದರ ಮೇಲೆ ಲೇಸರ್ ಕಿರಣವೇ ಸುಟ್ಟು ಕಳೆಯುವ ಗೆರೆಯ ಅಗಲ, ಅವರ ಭಾಷೆಯಲ್ಲಿ ಕರ್ಫ್, ಯಂತ್ರ ಮತ್ತು ವಸ್ತುವನ್ನು ಅವಲಂಬಿಸಿ ಒಂದು ಮಿಲಿಮೀಟರಿನ ಹತ್ತನೇ ಒಂದರಿಂದ ಹತ್ತನೇ ಮೂರರಷ್ಟು ಇರುತ್ತದೆ. ಗೆರೆಯ ಮೇಲೇ ಕತ್ತರಿಸಿದರೆ ಸೀಳು ಆ ಅಗಲದಷ್ಟು ಹಿಗ್ಗುತ್ತದೆ, ಅದರೊಳಗೆ ಕೂರಬೇಕಾದ ಹಲ್ಲು ಅಷ್ಟೇ ಕುಗ್ಗುತ್ತದೆ. ಪರದೆಯ ಮೇಲೆ ಕರಾರುವಾಕ್ಕಾಗಿ ಕೂತಿದ್ದ ಪೆಟ್ಟಿಗೆ ಕೈಗೆ ಬಂದಾಗ ಗಡಗಡ ಅಲ್ಲಾಡುವುದಕ್ಕೆ ಇದೇ ಕಾರಣ. ಆದ್ದರಿಂದ ಅವರು ಇಡೀ ಪೆಟ್ಟಿಗೆಯನ್ನು ಕತ್ತರಿಸುವ ಮುನ್ನ ಅದೇ ಹಾಳೆಯ ಅಂಚಿನಲ್ಲಿ ಬಾಚಣಿಗೆಯಂಥ ಒಂದು ಪಟ್ಟಿಯನ್ನು ಕತ್ತರಿಸಿ ಕೊಡುತ್ತಿದ್ದರು. ಅದರ ಒಂದೊಂದು ಸೀಳೂ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಕಿರಿದು. ಅದೇ ಹಾಳೆಯ ಚೂರೊಂದನ್ನು ಎಲ್ಲದರಲ್ಲೂ ತೂರಿಸಿ ನೋಡಿ, ಹೆಬ್ಬೆರಳಿನಿಂದ ಒತ್ತಿದಾಗ ಬಿಗಿಯಾಗಿ ಕೂರುವುದು ಯಾವುದೋ ಅದರ ಅಳತೆಯನ್ನು ಫೈಲಿನಲ್ಲಿ ಬರೆದುಕೊಂಡು ಬನ್ನಿ ಎನ್ನುತ್ತಿದ್ದರು.

ಸರದಿಯಲ್ಲಿ ನಿಂತವರಿಗೆ ಇದು ಕಾಲಹರಣವೆಂದು ತೋರಿದ್ದು ಸಹಜ. ನಮ್ಮ ಹಿಂದಿದ್ದ ತಂಡದವರು ಗೊಣಗಿದ್ದನ್ನೂ ಕೇಳಿದೆ. ಆದರೆ ಆ ಯಂತ್ರದಲ್ಲಿ ಎರಡನೆಯ ಬಾರಿ ಪೆಟ್ಟಿಗೆ ಕತ್ತರಿಸಲು ಸರದಿ ಹಿಡಿದವರು ಬಹಳ ಕಡಿಮೆ ಎಂಬುದನ್ನು ನೋಡಿದರೆ, ಮೊದಲಿಗೆ ಕಳೆದಂತೆ ಕಂಡ ಸಮಯ ನಿಜವಾಗಿ ಎಲ್ಲರಿಗೂ ಹಂಚಿಹೋದ ಸಮಯವೇ ಆಗಿತ್ತು.

ಅವರು ಖಡಾಖಂಡಿತವಾಗಿ ನಿರಾಕರಿಸಿದ್ದೂ ಉಂಟು. ಒಂದು ತಂಡ ಹೊಳೆಯುವ ವಿನೈಲ್ ಹಾಳೆಯನ್ನು ತಂದು ಕತ್ತರಿಸಿಕೊಡಲು ಕೇಳಿದಾಗ ಅದು ಪಿವಿಸಿ ಎಂದು ಗುರುತಿಸಿ ಹಿಂದಿರುಗಿಸಿದರು. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಲೇಸರ್ ಶಾಖಕ್ಕೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊಮ್ಮುತ್ತದೆ, ಅದು ತೇವದೊಂದಿಗೆ ಸೇರಿ ಆಮ್ಲವಾಗಿ ಯಂತ್ರದ ಕನ್ನಡಿ, ಹಳಿಗಳನ್ನು ತಿನ್ನುತ್ತದೆ, ಉಸಿರಾಡಿದವರ ಶ್ವಾಸಕೋಶವನ್ನೂ ಬಿಡುವುದಿಲ್ಲ. ತಂಡದ ನಾಯಕ ಪಟ್ಟು ಬಿಡದೆ ವಾದಿಸಿದರೂ, ಆಯೋಜಕರಲ್ಲೊಬ್ಬರು ಬಂದು "ಸಣ್ಣ ಚೂರು ತಾನೇ" ಎಂದರೂ ಅವರು ಜಗ್ಗಲಿಲ್ಲ. ಬದಲಾಗಿ ಅಕ್ರಿಲಿಕ್ ಹಾಳೆ ತೋರಿಸಿ ಅದರಲ್ಲಿ ಅಂಚು ಇನ್ನೂ ಚೆನ್ನಾಗಿ ಬರುತ್ತದೆಂದರು. ಸುರಕ್ಷತೆಯ ಮಾತಿನಲ್ಲಿ ಆಯೋಜಕರಿಗಿಂತ ಮೇಕರ್‌ಗಳ ಮಾತೇ ಅಂತಿಮ ಎಂಬ ನಿಯಮ ಬರಹದಲ್ಲಿ ಇರಬೇಕಿತ್ತು. ಅಂದು ಅದು ಒಬ್ಬರ ಗಟ್ಟಿತನದ ಮೇಲೆ ನಿಂತಿತ್ತು.

ತ್ರೀಡಿ ಪ್ರಿಂಟರುಗಳ ವಿಭಾಗವೇ ಈ ಸೇವೆಯ ದುರ್ಬಲ ಕೊಂಡಿ, ಇದರಲ್ಲಿ ಅಲ್ಲಿದ್ದ ಯುವ ಮೇಕರ್‌ನ ತಪ್ಪೇನೂ ಇರಲಿಲ್ಲ. ಪ್ರಿಂಟರ್ ಎಂಬ ಹೆಸರು ಕೇಳಿದವರು ಕಾಗದದ ಪ್ರಿಂಟರಿನಂತೆ ಗುಂಡಿ ಒತ್ತಿದರೆ ಬರುತ್ತದೆಂದು ತಿಳಿಯುತ್ತಾರೆ. 0.4 ಮಿ.ಮೀ. ಬಾಯಿಯ ನಾಜಲ್ಲಿನಿಂದ 0.2 ಮಿ.ಮೀ. ದಪ್ಪದ ಪದರಗಳನ್ನು ಒಂದರ ಮೇಲೊಂದು ಎಳೆಯುತ್ತ ಹೋಗುವ ಯಂತ್ರಕ್ಕೆ ಅಂಗೈಯಗಲದ ಒಂದು ಡಬ್ಬಿ ಮುಗಿಸಲು ಹಲವು ಗಂಟೆ ಬೇಕು. ಎರಡು ಪಟ್ಟು ದೊಡ್ಡ ಡಬ್ಬಿಗೆ ಎರಡು ಪಟ್ಟಲ್ಲ, ಅದಕ್ಕಿಂತ ಬಹಳ ಹೆಚ್ಚು. ಎಲ್ಲ ತಂಡಗಳೂ ಶನಿವಾರ ಮಧ್ಯಾಹ್ನ ಒಟ್ಟಿಗೇ ಫೈಲು ಹಿಡಿದು ಬಂದರೆ ಭಾನುವಾರ ಸಂಜೆಗೆ ಎಷ್ಟು ಜನರ ಕೈಗೆ ವಸ್ತು ಸಿಕ್ಕೀತು ಎಂಬುದನ್ನು ಮಗ್ಗಿ ಬಲ್ಲ ಯಾರಾದರೂ ಲೆಕ್ಕ ಹಾಕಬಹುದಿತ್ತು. ಆಯೋಜಕರು ಹಾಕಿರಲಿಲ್ಲ. ಸರದಿ ಪಟ್ಟಿ ಎಂಬುದು ಗೋಡೆಗೆ ಅಂಟಿಸಿದ ಒಂದು ಹಾಳೆ, ಅದರಲ್ಲಿ ಹೆಸರುಗಳಿದ್ದವು, ಪ್ರತಿ ಕೆಲಸಕ್ಕೆ ಹಿಡಿಯುವ ಗಂಟೆಗಳಿರಲಿಲ್ಲ. ರಾತ್ರಿಯಿಡೀ ಯಂತ್ರ ಓಡಿಸಲು ಕಟ್ಟಡದ ಅನುಮತಿ ಇಲ್ಲವೆಂಬುದು ಶನಿವಾರ ಸಂಜೆಗೆ ಬಯಲಾಯಿತು. ಈ ಸುದ್ದಿಯನ್ನು ತಂಡಗಳಿಗೆ ಹೇಳುವ ಕೆಲಸವೂ ಆ ಯುವಕನ ಪಾಲಿಗೇ ಬಿತ್ತು, ಬೈಗುಳವೂ ಅವನ ಪಾಲಿಗೇ.

ಇಷ್ಟೆಲ್ಲದರ ನಡುವೆಯೂ ಅವನು ಮಾಡಿದ ಕೆಲಸ ಮೆಚ್ಚುವಂಥದು. ಬಂದ ಪ್ರತಿ ಫೈಲನ್ನೂ ತೆರೆದು, ಇದರಲ್ಲಿ ಪ್ರಿಂಟ್ ಆಗಲೇಬೇಕಾದ ಭಾಗ ಯಾವುದು ಎಂದು ಕೇಳುತ್ತಿದ್ದ. ಚಪ್ಪಟೆ ಗೋಡೆಗಳನ್ನು ಲೇಸರಿಗೆ ಕಳಿಸಿ, ಮೂಲೆಯ ಕೊಂಡಿಗಳನ್ನಷ್ಟೇ ತನ್ನ ಬಳಿ ಉಳಿಸಿಕೊಳ್ಳುತ್ತಿದ್ದ. ನಮ್ಮ ಡಬ್ಬಿಯ ಮುಚ್ಚಳ ಹಿಡಿದುಕೊಳ್ಳುವ ಕೊಕ್ಕೆಯನ್ನು ನಾವು ನೆಟ್ಟಗೆ ನಿಲ್ಲಿಸಿದ ಭಂಗಿಯಲ್ಲಿ ಕಳಿಸಿದ್ದೆವು. ಹಾಗೆ ಪ್ರಿಂಟ್ ಮಾಡಿದರೆ ಪದರಗಳು ಅಡ್ಡಲಾಗಿ ಬಿದ್ದು, ಮುಚ್ಚಳ ತೆರೆಯುವಾಗ ಬಾಗಬೇಕಾದ ಜಾಗದಲ್ಲೇ ಪದರ ಬಿಟ್ಟುಕೊಂಡು ಮುರಿಯುತ್ತದೆ ಎಂದು ಹೇಳಿ, ಅಂಥದೇ ಒಂದು ಹಳೆಯ ತುಂಡನ್ನು ನಮ್ಮ ಕಣ್ಣೆದುರೇ ಬೆರಳಿನಿಂದ ಲಟಕ್ಕನೆ ಮುರಿದು ತೋರಿಸಿದ. ಅದನ್ನೇ ಮಲಗಿಸಿ ಪ್ರಿಂಟ್ ಮಾಡಿದ ಕೊಕ್ಕೆ ಸಂಜೆಯವರೆಗೆ ಎಷ್ಟು ಜನ ತೆರೆದು ಮುಚ್ಚಿದರೂ ಮುರಿಯಲಿಲ್ಲ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಈ ಮಾದರಿಯನ್ನು ಬಿಟ್ಟು ಹೋಗಬೇಡಿ ಎಂದೂ ಕಿವಿಮಾತು ಹೇಳಿದ.

ಭಾನುವಾರ ಬೆಳಿಗ್ಗೆ ಎಲೆಕ್ಟ್ರಾನಿಕ್ಸ್ ಮೇಜಿನ ಮುಂದೆ ನೆರೆದ ಗುಂಪಿನ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಏಕೆಂದರೆ ಅಲ್ಲಿನ ಕಾಯಿಲೆಗಳು ಎರಡೇ. ಒಂದು, ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿನ ಕಾಲುಗಳು 3.3 ವೋಲ್ಟಿಗೆ ಮಾಡಿದವು, ಅಗ್ಗದ ಅಲ್ಟ್ರಾಸೋನಿಕ್ ದೂರಮಾಪಕದ ಉತ್ತರ ಬರುವುದು 5 ವೋಲ್ಟಿನಲ್ಲಿ. ಇದನ್ನು 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರುಗಳ ಜೋಡಿಯಿಂದ ಇಳಿಸಿಕೊಡಲಾಯಿತು. ಎರಡು, ಮೋಟಾರು ತಿರುಗಿದ ಕ್ಷಣವೇ ಬೋರ್ಡು ಸತ್ತು ಹುಟ್ಟುವುದು. ಸಣ್ಣ ಸರ್ವೋ ಮೋಟಾರೂ ತಡೆ ಸಿಕ್ಕಾಗ ಅರ್ಧ ಆಂಪಿಯರಿಗೂ ಮೀರಿ ಎಳೆಯುತ್ತದೆ, ಆಗ ವೋಲ್ಟೇಜು ಕುಸಿದು ಬೋರ್ಡು ಮೊದಲಿನಿಂದ ಶುರುವಾಗುತ್ತದೆ. ಮೋಟಾರಿಗೆ ಬೇರೆ ವಿದ್ಯುತ್ ಮೂಲ, ಎರಡಕ್ಕೂ ಒಂದೇ ಗ್ರೌಂಡ್, ನಡುವೆ ಒಂದು ದಪ್ಪ ಕೆಪಾಸಿಟರ್: ಇದೇ ಮದ್ದು. ಈ ಎರಡು ಕಾಯಿಲೆಗಳ ಮದ್ದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಶುಕ್ರವಾರವೇ ಎಲ್ಲರಿಗೂ ಹಂಚಿದ್ದರೆ ಭಾನುವಾರದ ಗುಂಪು ಅರ್ಧಕ್ಕೆ ಇಳಿಯುತ್ತಿತ್ತು.

ಈಗ ದೂರುಗಳಿಗೆ ಬರುತ್ತೇನೆ. ಮೊದಲನೆಯದು ಮತ್ತು ಅತಿ ಮುಖ್ಯವಾದದ್ದು, ಶುಕ್ರವಾರ ಸಂಜೆ ಮೇಕರ್‌ಗಳು ಅಲ್ಲಿ ಇರಲಿಲ್ಲ. ಕಲ್ಪನೆಗಳನ್ನು ಹೇಳಿ, ಮತ ಹಾಕಿ, ತಂಡ ಕಟ್ಟುವ ಆ ಕೆಲವು ಗಂಟೆಗಳಲ್ಲೇ ಮುಂದಿನ ಎರಡು ದಿನದ ಭವಿಷ್ಯ ನಿರ್ಧಾರವಾಗುತ್ತದೆ. ಆ ಸಂಜೆ ಭಾರೀ ಚಪ್ಪಾಳೆ ಗಿಟ್ಟಿಸಿ ಹೆಚ್ಚು ಮತ ಪಡೆದ ಕಲ್ಪನೆಯೊಂದು, ಬಟ್ಟೆಗೆ ಅಂಟಿಸಿದ ಸಣ್ಣ ಪಟ್ಟಿಯಿಂದ ದೇಹದ ಶಾಖವನ್ನು ಹೀರಿ ಮೊಬೈಲು ಚಾರ್ಜ್ ಮಾಡುತ್ತೇವೆ ಎಂಬುದಾಗಿತ್ತು. ಚರ್ಮಕ್ಕೂ ಸುತ್ತಲಿನ ಗಾಳಿಗೂ ನಡುವಿನ ಕೆಲವೇ ಡಿಗ್ರಿಗಳ ವ್ಯತ್ಯಾಸದಿಂದ ಅಷ್ಟು ಸಣ್ಣ ಪಟ್ಟಿಯಲ್ಲಿ ಹುಟ್ಟುವ ವಿದ್ಯುತ್ತು ಮಿಲಿವಾಟ್‌ಗಳ ಮಟ್ಟದ್ದು. ಮೊಬೈಲಿನ ಸಾಧಾರಣ ಚಾರ್ಜರು ಕೊಡುವುದು 5 ವಾಟ್ ಅಥವಾ ಅದಕ್ಕಿಂತ ಹೆಚ್ಚು. ಒಬ್ಬ ಮೇಕರ್ ಅಲ್ಲಿದ್ದು ಈ ಒಂದು ಸಾಲು ಹೇಳಿದ್ದರೆ ಸಾಕಿತ್ತು. ಶನಿವಾರ ಬೆಳಿಗ್ಗೆ ಆ ಮಾತು ಕೇಳಿದಾಗ ಆ ತಂಡ ಆಗಲೇ ಹೆಸರು, ಲಾಂಛನ, ವೆಬ್‌ಸೈಟುಗಳನ್ನು ಮಾಡಿಕೊಂಡಿತ್ತು. ಉಳಿದ ಸಮಯವನ್ನೆಲ್ಲ ಅವರು ಹೊಸ ಕಲ್ಪನೆ ಹುಡುಕುವುದರಲ್ಲೇ ಕಳೆದರು. ಬುದ್ಧಿವಂತರ ತಂಡವೇ ಅದು, ನೋಡಿ ಬೇಸರವಾಯಿತು.

ಮೇಕರ್‌ಗಳನ್ನು ಶುಕ್ರವಾರ ಕರೆಸಿದರೆ ಜನರ ಉತ್ಸಾಹಕ್ಕೆ ತಣ್ಣೀರು ಎರಚಿದಂತಾಗುತ್ತದೆ ಎಂಬುದು ಆಯೋಜಕರಲ್ಲೊಬ್ಬರು ನನಗೆ ಕೊಟ್ಟ ಸಮಜಾಯಿಷಿ. ಸಾಫ್ಟ್‌ವೇರ್ ಸ್ಪರ್ಧೆಗೆ ಈ ಮಾತು ಒಪ್ಪಬಹುದೇನೋ. ವಸ್ತುವಿನ ಸ್ಪರ್ಧೆಯಲ್ಲಿ ಭೌತಶಾಸ್ತ್ರ ಹೇಗೂ ತಣ್ಣೀರು ಎರಚಿಯೇ ತೀರುತ್ತದೆ. ಶುಕ್ರವಾರ ಎರಚಿಸಿಕೊಂಡವರಿಗೆ ಮೈ ಒರೆಸಿಕೊಳ್ಳಲು ಎರಡು ದಿನವಾದರೂ ಉಳಿಯುತ್ತದೆ.

ಎರಡನೆಯ ದೂರು, ಮೇಕರ್ ಮಾಡಿಕೊಡುವವರೋ ಕಲಿಸುವವರೋ ಎಂಬುದು ಎಲ್ಲಿಯೂ ಸ್ಪಷ್ಟವಾಗಿರಲಿಲ್ಲ. ನಮ್ಮ ಮೇಜಿನಲ್ಲಿ ಇಕ್ಕಳವನ್ನು ನಮ್ಮ ಕೈಗೆ ಕೊಟ್ಟರೆಂದು ಹೇಳಿದೆನಷ್ಟೆ. ಆದರೆ ಜೋರು ಮಾತಿನ ಕೆಲವು ತಂಡಗಳು ಮೇಕರ್‌ಗಳಲ್ಲೊಬ್ಬರನ್ನು ಗಂಟೆಗಟ್ಟಲೆ ತಮ್ಮ ಮೂಲೆಯಲ್ಲೇ ಕೂರಿಸಿಕೊಂಡು ಬೆಸುಗೆಯಿಂದ ಹಿಡಿದು ಕೋಡಿನವರೆಗೆ ಎಲ್ಲವನ್ನೂ ಮಾಡಿಸಿಕೊಂಡವು. ಸಂಕೋಚದ ತಂಡಗಳು ಕೈಯೆತ್ತಿಕೊಂಡು ಕಾದವು. ಸ್ವಯಂಪ್ರೇರಣೆಯಿಂದ ಬಂದವರಿಗೆ ಇಲ್ಲ ಎನ್ನುವುದು ಕಷ್ಟ, ಆ ಕಷ್ಟವನ್ನು ನಿಯಮದ ಮೇಲೆ ಹಾಕುವುದು ಆಯೋಜಕರ ಕೆಲಸ. ಒಂದು ತಂಡಕ್ಕೆ ಒಂದು ಸಲಕ್ಕೆ ಇಷ್ಟು ನಿಮಿಷ, ಯಂತ್ರ ಚಾಲನೆ ಬಿಟ್ಟರೆ ಉಳಿದ ಕೈಕೆಲಸ ತಂಡದ್ದೇ ಎಂಬ ಎರಡು ಸಾಲು ಗೋಡೆಯ ಮೇಲಿದ್ದರೆ ಸಾಕಿತ್ತು. ಮೇಕರ್‌ಗಳು ಅಂತಹ ಬೋರ್ಡನ್ನು ತಾವೇ ಬರೆದು ಹಾಕಬಹುದಿತ್ತಲ್ಲ ಎಂದು ನನಗೂ ಅನ್ನಿಸಿದೆ. ಈ ಮಟ್ಟಿಗೆ ಅವರ ಕಡೆಯಿಂದಲೂ ಸಡಿಲಿಕೆ ಇತ್ತು. ಅವರಲ್ಲಿ ಕೆಲವರಿಗೆ ತಮ್ಮ ಕೈಚಳಕ ತೋರಿಸುವ ಹುರುಪು ಸ್ವಲ್ಪ ಹೆಚ್ಚಾಗಿ, ರಟ್ಟಿನಲ್ಲಿ ಮಾಡಿದರೆ ಸಾಕಾಗುತ್ತಿದ್ದ ಮಾದರಿಯನ್ನು ಅಕ್ರಿಲಿಕ್‌ನಲ್ಲಿ ಮಾಡಿಸಿದ್ದೂ ಉಂಟು. ವ್ಯಾಪಾರದ ಪ್ರಶ್ನೆಗೆ ಉತ್ತರ ಹುಡುಕುವ ವಾರಾಂತ್ಯದಲ್ಲಿ ನೋಟದ ಮಾದರಿ ಬೇರೆ, ಕೆಲಸದ ಮಾದರಿ ಬೇರೆ ಎಂದು ಬಿಡಿಸಿ, ಮೊದಲನೆಯದನ್ನು ರಟ್ಟು, ಫೋಮು, ಬಣ್ಣದಲ್ಲಿ ಮುಗಿಸಿ, ಎರಡನೆಯದನ್ನು ವೈರು ಕಾಣುವಂತೆಯೇ ಮೇಜಿನ ಮೇಲೆ ಹರಡಿ ತೋರಿಸುವುದು ಎಷ್ಟೋ ಸಲ ಜಾಣತನ. ಹಾಗೆ ಮಾಡಿದ ತಂಡಗಳೇ ಭಾನುವಾರ ನಿಶ್ಚಿಂತೆಯಿಂದ ಇದ್ದವು.

ತೀರ್ಪಿನ ವಿಚಾರದಲ್ಲಿ ಒಂದು ಮಾತು ಮಾತ್ರ. ತೀರ್ಪುಗಾರರ ಸಾಲಿನಲ್ಲಿ ವಸ್ತು ತಯಾರಿಕೆ ಬಲ್ಲವರು ಒಬ್ಬರೂ ಇರಲಿಲ್ಲವಾದ್ದರಿಂದ, ಸುಂದರವಾಗಿ ಪ್ರಿಂಟ್ ಆದ ಡಬ್ಬಿ ಕಂಡು ಇದು ಉತ್ಪಾದನೆಗೆ ಸಿದ್ಧವಾಗಿದೆ ಎಂದು ಹೊಗಳಿದವರಿದ್ದರು. ಪ್ರಿಂಟರಿನಿಂದ ಬಂದ ಆಕಾರ ಅಚ್ಚಿನಿಂದ ಬರುತ್ತದೆಂದು ಹೇಳಲಾಗದು: ಕರಗಿದ ಪ್ಲಾಸ್ಟಿಕ್ ಒತ್ತಿ ತುಂಬುವ ಇಂಜೆಕ್ಷನ್ ಅಚ್ಚಿನಿಂದ ತುಂಡು ಜಾರಿ ಹೊರಬರಲು ಗೋಡೆಗಳಿಗೆ ಸಾಮಾನ್ಯವಾಗಿ ಒಂದೆರಡು ಡಿಗ್ರಿ ಓರೆ ಇರಬೇಕು, ಗೋಡೆಗಳ ದಪ್ಪ ಎಲ್ಲೆಡೆ ಸುಮಾರಾಗಿ ಒಂದೇ ಇರಬೇಕು, ಒಳಮುಖದ ಕೊಕ್ಕೆಗಳಿದ್ದರೆ ಅಚ್ಚಿಗೆ ಪಕ್ಕದಿಂದ ಸರಿಯುವ ಭಾಗಗಳನ್ನು ಕೂಡಿಸಬೇಕು, ಅದರಿಂದ ವೆಚ್ಚ ಏರುತ್ತದೆ. ಈ ಪಾಠವನ್ನು ನಮಗೆ ಹೇಳಿದ್ದು ಲೇಸರ್ ಮೇಜಿನ ಆ ಹಿರಿಯರೇ, ಯಾರೂ ಕೇಳದೆ. ನಮ್ಮ ಡಬ್ಬಿಯ ನೆಟ್ಟನೆಯ ಗೂಡುಗಳನ್ನು ಬೆರಳಿನಿಂದ ಸವರಿ, ಅಚ್ಚಿಗೆ ಹೋಗುವಾಗ ಇವು ಮೇಲಕ್ಕೆ ಸ್ವಲ್ಪ ಅಗಲವಾಗಬೇಕು, ಈಗಲೇ ಹಾಗೆ ಬರೆದಿಟ್ಟುಕೊಂಡರೆ ಮುಂದೆ ಮುಚ್ಚಳದ ಅಳತೆ ಕೆಡುವುದಿಲ್ಲ ಎಂದರು. ಅವರನ್ನು ತೀರ್ಪುಗಾರರ ಪಕ್ಕದಲ್ಲಿ ಸಲಹೆಗಾರರಾಗಿ ಕೂರಿಸಿದ್ದರೆ ಭಾನುವಾರ ಸಂಜೆಯ ಪ್ರಶ್ನೋತ್ತರದ ಮಟ್ಟವೇ ಬೇರೆಯಾಗುತ್ತಿತ್ತು.

ಹಕ್ಕುಗಳ ವಿಷಯದಲ್ಲಿ ಸೇವೆ ಚೊಕ್ಕವಾಗಿತ್ತು. ತಾವು ತಿದ್ದಿಕೊಟ್ಟ ಚಿತ್ರಗಳಲ್ಲಿ, ಸೂಚಿಸಿದ ಉಪಾಯಗಳಲ್ಲಿ ಯಾವ ಪಾಲನ್ನೂ ಕೇಳುವುದಿಲ್ಲವೆಂದು ಮೇಕರ್‌ಗಳು ಆರಂಭದಲ್ಲೇ ಸಹಿ ಮಾಡಿದ ಹಾಳೆಯನ್ನು ಎಲ್ಲರಿಗೂ ತೋರಿಸಲಾಯಿತು. ಆದರೆ ವೇದಿಕೆಯ ಮೇಲೆ ವಸ್ತುವನ್ನು ಬಿಚ್ಚಿ ತೋರಿಸುವುದು ಸಾರ್ವಜನಿಕ ಪ್ರಕಟಣೆ ಎನಿಸಿಕೊಳ್ಳಬಹುದು, ಮತ್ತು ಪೇಟೆಂಟಿಗೆ ಅರ್ಜಿ ಹಾಕುವ ಮುನ್ನ ಹಾಗೆ ಪ್ರಕಟವಾದರೆ ಅನೇಕ ದೇಶಗಳಲ್ಲಿ ಹೊಸತನದ ಹಕ್ಕು ಕಳೆದುಹೋಗುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ಆವಿಷ್ಕಾರಕರು ತಾವೇ ಪ್ರಕಟಿಸಿದ ದಿನದಿಂದ ಒಂದು ವರ್ಷದ ವಿನಾಯಿತಿ ಇದೆ, ಯುರೋಪಿಯನ್ ಪೇಟೆಂಟು ವ್ಯವಸ್ಥೆಯಲ್ಲಿ ಅಂಥ ಸಾಮಾನ್ಯ ವಿನಾಯಿತಿ ಇಲ್ಲ. ಇದು ಮೇಕರ್‌ಗಳು ಹೇಳಬೇಕಾದ ಮಾತಲ್ಲ, ಆಯೋಜಕರು ಕಾನೂನು ಬಲ್ಲವರೊಬ್ಬರಿಂದ ಶುಕ್ರವಾರವೇ ಹೇಳಿಸಬೇಕಾದ ಮಾತು. ನಿಜವಾಗಿ ಹೊಸತಾದ ಯಂತ್ರಾಂಶ ಇರುವವರು ವೇದಿಕೆಯಲ್ಲಿ ಅದರ ಉಪಯೋಗ ತೋರಿಸಿ, ಒಳಗುಟ್ಟನ್ನು ಮುಚ್ಚಿದ ಡಬ್ಬಿಯೊಳಗೇ ಉಳಿಸಿಕೊಳ್ಳುವುದು ಲೇಸು.

ಈ ಸೇವೆ ಯಾರಿಗೆ ಉಪಯುಕ್ತ ಎಂದರೆ, ಮನಸ್ಸಿನಲ್ಲಿ ವಸ್ತುವಿನ ಕಲ್ಪನೆ ಇದ್ದು ಅದರ ಒಂದು ಭಾಗವನ್ನಾದರೂ ರಟ್ಟಿನಲ್ಲಿ ಮಾಡಿ ನೋಡಿದವರಿಗೆ. ಅಂಥವರ ಪ್ರಶ್ನೆಗಳು ನಿಖರವಾಗಿರುತ್ತವೆ, ಮೇಕರ್‌ಗಳ ಹತ್ತು ನಿಮಿಷದಿಂದ ಅವರಿಗೆ ಸಿಗುವಷ್ಟು ಲಾಭ ಬರಿಗೈಯಲ್ಲಿ ಬಂದವರಿಗೆ ಒಂದು ಗಂಟೆಯಲ್ಲೂ ಸಿಗದು. ಎಲ್ಲವನ್ನೂ ಮಾಡಿಸಿಕೊಂಡು ಹೋಗುವ ಉದ್ದೇಶದವರು ನೇರವಾಗಿ ವರ್ಕ್‌ಶಾಪ್ ಒಂದಕ್ಕೆ ಹಣ ಕೊಟ್ಟು ಮಾಡಿಸಿಕೊಳ್ಳುವುದೇ ಒಳ್ಳೆಯದು; ಅವರಿಗೂ ನೆಮ್ಮದಿ, ಸರದಿಯಲ್ಲಿ ನಿಂತವರಿಗೂ ನೆಮ್ಮದಿ. ಹೋಗುವವರು ತಮ್ಮದೇ ಒಂದು ಕ್ಯಾಲಿಪರ್, ಒಂದು ಮಲ್ಟಿಮೀಟರ್ ಮತ್ತು ತಾವು ಬಳಸಲಿರುವ ಬಿಡಿಭಾಗಗಳ ನಿಜವಾದ ತುಂಡುಗಳನ್ನು ಕೊಂಡೊಯ್ಯಲಿ, ಪ್ರಿಂಟಿಗೆ ಕೊಡುವ ಫೈಲು ಶನಿವಾರ ಬೆಳಿಗ್ಗೆಯೇ ಸಿದ್ಧವಿರಲಿ, ಮತ್ತು ಭಾಗವಹಿಸುವ ಶುಲ್ಕ ಕಟ್ಟುವ ಮುನ್ನ ಆಯೋಜಕರಿಗೆ ಎರಡು ಪ್ರಶ್ನೆಗಳನ್ನು ಬರೆದು ಕಳಿಸಲಿ: ಶುಕ್ರವಾರ ಸಂಜೆ ಮೇಕರ್‌ಗಳು ಇರುತ್ತಾರೆಯೇ, ಶನಿವಾರ ರಾತ್ರಿ ಯಂತ್ರಗಳು ಓಡುತ್ತವೆಯೇ. ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಮುಂದಿನ ಆವೃತ್ತಿಯವರೆಗೆ ಕಾಯುವುದು ಮೇಲು. ಮೊದಲನೆಯದಕ್ಕಾದರೂ ಹೌದು ಎಂದರೆ ಹೆಸರು ನೋಂದಾಯಿಸಬಹುದು. ಎರಡನೆಯದರ ಕೊರತೆಯನ್ನು ಲೇಸರ್ ಕಟರ್ ಮತ್ತು ರಟ್ಟಿನಿಂದ ತುಂಬಿಕೊಳ್ಳಲು ಬರುತ್ತದೆ.